ಬೇಕಾದವರ ಕಾಗದ

ನಮ್ಮಲ್ಲಿ ಶಿಫಾರಸು ಪತ್ರಕ್ಕೆ ಒಂದು ಖಾಯಂ ಒಕ್ಕಣೆಯಿದೆ. ‘ಈ ಪತ್ರ ತರುತ್ತಿರುವವರು ನಮಗೆ ತೀರಾ ಬೇಕಾದವರು, ಇವರ ಕೆಲಸ ಮಾಡಿಕೊಡುವುದು’ ಎಂದು ಎರಡು ಸಾಲು, ಕೆಳಗೊಂದು ಸಹಿ. ಪತ್ರ ತಂದವರು ಏನು ಓದಿದ್ದಾರೆ, ಏನು ಬಲ್ಲರು ಎಂಬುದು ಅದರಲ್ಲಿ ಇರುವುದಿಲ್ಲ. ಇರಬೇಕೆಂದು ಯಾರೂ ಬಯಸುವುದೂ ಇಲ್ಲ. ಸಹಿ ಯಾರದು ಎಂಬುದಷ್ಟೇ ಮುಖ್ಯ. ಇದಕ್ಕೆ ಆಡುಮಾತಿನಲ್ಲಿ ವಶೀಲಿ ಎಂಬ ಇನ್ನೊಂದು ಹೆಸರೂ ಇದೆ.

ಅಮೆರಿಕದ ವಲಸೆ ಕಚೇರಿಯ ಮೇಜಿನ ಮೇಲೆ ಇದೇ ಪತ್ರ ತಲೆಕೆಳಗಾಗುತ್ತದೆ. ಆ ದೇಶದಲ್ಲಿ ಶಾಶ್ವತವಾಗಿ ನೆಲೆಸಲು, ಅಂದರೆ ಗ್ರೀನ್ ಕಾರ್ಡ್ ಪಡೆಯಲು, ಸಾಮಾನ್ಯವಾಗಿ ಕೆಲಸ ಕೊಟ್ಟ ಕಂಪನಿ ನೌಕರನ ಪರವಾಗಿ ಅರ್ಜಿ ಹಾಕಬೇಕು. ಆದರೆ ತನಗೆ ತಾನೇ ಅರ್ಜಿ ಹಾಕಿಕೊಳ್ಳುವ ಎರಡು ದಾರಿಗಳೂ ಇವೆ. ಒಂದು, ಅಸಾಧಾರಣ ಸಾಮರ್ಥ್ಯ ಉಳ್ಳವರಿಗೆ. ಇನ್ನೊಂದು, ಯಾರ ಕೆಲಸ ಅಮೆರಿಕದ ರಾಷ್ಟ್ರೀಯ ಹಿತಕ್ಕೆ ಅಗತ್ಯವೋ ಅಂಥವರಿಗೆ. ಈ ದಾರಿ ಹಿಡಿದ ಎಂಜಿನಿಯರುಗಳು, ವಿಜ್ಞಾನಿಗಳು, ವೈದ್ಯರು ತಮ್ಮ ಅರ್ಜಿಯ ಜೊತೆ ಹಲವಾರು ಶಿಫಾರಸು ಪತ್ರಗಳನ್ನು ಲಗತ್ತಿಸುತ್ತಾರೆ. ಅವುಗಳಲ್ಲಿ ‘ನಮಗೆ ಬೇಕಾದವರು’ ಎಂಬ ಧ್ವನಿ ಹೊರಟರೆ ಪತ್ರದ ಬೆಲೆ ಅಷ್ಟಕ್ಕಷ್ಟೇ. ‘ದೇಶಕ್ಕೆ ಬೇಕಾದವರು’ ಎಂದು, ಅದೂ ಕಾರಣ ಸಮೇತ, ಹೇಳಬೇಕು. ಹೇಳುವವರಿಗೆ ಅರ್ಜಿದಾರರ ಮುಖಪರಿಚಯವೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು!

ಪರಿಚಯವಿಲ್ಲದವರು ಪರಿಚಯ ಪತ್ರ ಬರೆಯುವ ಈ ಪದ್ಧತಿ ಬಂದದ್ದು ಹೇಗೆ?

ಸ್ವಾಮಿ ವಿವೇಕಾನಂದರ ಉದಾಹರಣೆಯಿಂದ ಆರಂಭಿಸಬಹುದು. 1892ರಲ್ಲಿ ಅವರು ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಹೊರಡುವಾಗ ದಿವಾನ್ ಶೇಷಾದ್ರಿ ಅಯ್ಯರ್ ಕೊಚ್ಚಿಯ ದಿವಾನರಿಗೆ ಒಂದು ಪರಿಚಯ ಪತ್ರ ಕೊಟ್ಟರು. ದೇಶದೊಳಗೆ ಹೀಗೆ ಒಬ್ಬ ದಿವಾನರಿಂದ ಇನ್ನೊಬ್ಬ ದಿವಾನರಿಗೆ ಪತ್ರ ಹಿಡಿದು ಸಾಗುವುದು ಕಷ್ಟವಿರಲಿಲ್ಲ. ಮರುವರ್ಷ ಷಿಕಾಗೊ ತಲುಪಿದಾಗಲೇ ತೊಂದರೆಯ ಅರಿವಾದದ್ದು. ಅಧಿಕೃತ ಪರಿಚಯ ಪತ್ರವಿಲ್ಲದ ಯಾರನ್ನೂ ಸರ್ವಧರ್ಮ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಸೇರಿಸಿಕೊಳ್ಳುವುದಿಲ್ಲ ಎಂದರು. ಹೆಸರು ನೋಂದಾಯಿಸುವ ಗಡುವೂ ಮುಗಿದಿತ್ತು. ಷಿಕಾಗೊ ದುಬಾರಿ ಊರೆಂದು ಅವರು ಬಾಸ್ಟನ್ ಕಡೆ ಹೋದರು. ಅಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಅವರ ಭೇಟಿಯಾಯಿತು.

ರೈಟ್ ಅವರಿಗೆ ಈ ಸಂನ್ಯಾಸಿಯ ಮಠ, ಮನೆತನ ಯಾವುದೂ ಗೊತ್ತಿರಲಿಲ್ಲ. ಕೆಲವು ದಿನ ಮಾತನಾಡಿದ್ದರು, ಅಷ್ಟೆ. ಸಮ್ಮೇಳನದ ಪ್ರತಿನಿಧಿಗಳ ಸಮಿತಿಗೆ ಅವರು ಪತ್ರ ಬರೆದರು. ಈತನ ವಿದ್ವತ್ತು ನಮ್ಮ ಪ್ರಾಧ್ಯಾಪಕರೆಲ್ಲರನ್ನೂ ಸೇರಿಸಿದರೂ ಮೀರುವಂಥದು ಎಂಬುದು ಅದರ ತಾತ್ಪರ್ಯವಾಗಿತ್ತೆಂದು ಹೇಳುತ್ತಾರೆ. ಷಿಕಾಗೊಗೆ ರೈಲು ಟಿಕೆಟನ್ನೂ ಕೊಡಿಸಿದರು. ಆ ಊರಿಗೆ ಮರಳಿದ ಸ್ವಾಮಿಗಳು ಸಮಿತಿಯ ವಿಳಾಸ ಕಳೆದುಕೊಂಡು ಒಂದು ರಾತ್ರಿ ರೈಲ್ವೆ ಯಾರ್ಡಿನಲ್ಲಿ ಕಳೆದ ಕಥೆ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 11ರಂದು ಆದದ್ದೂ ಗೊತ್ತು.

ಆಗ ಭಾರತೀಯರು ಅಮೆರಿಕಕ್ಕೆ ಹೋಗಲು ವೀಸಾ ಎಂಬುದೇ ಇರಲಿಲ್ಲ. ರೈಟ್ ಅವರ ಪತ್ರ ಬೇಕಾದದ್ದು ಸಭೆಯೊಳಗೆ ಹೋಗಲು, ದೇಶದೊಳಗೆ ಹೋಗಲು ಅಲ್ಲ. ಆ ಬಾಗಿಲು ಮುಚ್ಚಿದ್ದು 1917ರ ಕಾಯಿದೆಯಲ್ಲಿ. ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಅದು ಸಾರಿತು. 1924ರಲ್ಲಿ ದೇಶವಾರು ಕೋಟಾ ಪದ್ಧತಿ ಬಿಗಿಯಾಯಿತು. 1946ರಲ್ಲಿ ಭಾರತೀಯರಿಗೆ ಬಾಗಿಲು ತುಸು ತೆರೆದರೂ ಸಿಕ್ಕಿದ್ದು ವರ್ಷಕ್ಕೆ ನೂರು ಜನರ ಕೋಟಾ.

ಐನ್‌ಸ್ಟೈನರ ಸಹಿಗೆ ಆದ ಗತಿ

1924ರ ಕಾಯಿದೆಯಲ್ಲಿ ಒಂದು ಕಿಂಡಿಯಿತ್ತು. ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದು, ಅಮೆರಿಕದಲ್ಲೂ ಅದೇ ಕೆಲಸಕ್ಕೆ ಬರುವ ಪ್ರಾಧ್ಯಾಪಕರು ಕೋಟಾದ ಲೆಕ್ಕಕ್ಕೆ ಬರುತ್ತಿರಲಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಯಹೂದಿ ಪ್ರಾಧ್ಯಾಪಕರನ್ನು ವಜಾ ಮಾಡತೊಡಗಿದಾಗ ಈ ಕಿಂಡಿಯೇ ಅನೇಕರ ಆಸೆಯಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ನಿರಾಶ್ರಿತ ವಿದ್ವಾಂಸರಿಗಾಗಿ ಒಂದು ತುರ್ತು ಸಮಿತಿ ಹುಟ್ಟಿಕೊಂಡಿತು. ಅದರ ಬಳಿ ನೆರವು ಕೇಳಿದವರು ಸುಮಾರು 6,000 ಮಂದಿ. ನೆರವು ಸಿಕ್ಕಿದ್ದು 335 ಮಂದಿಗೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಶಿಫಾರಸು ಪತ್ರ ಎಂಬುದು ಪ್ರಾಣದ ಪ್ರಶ್ನೆಯಾಗಿತ್ತು.

ಪ್ರಿನ್ಸ್‌ಟನ್‌ನಲ್ಲಿದ್ದ ಐನ್‌ಸ್ಟೈನರಿಗೆ ಇಂಥ ಕೋರಿಕೆಗಳು ಬಂದು ಬೀಳುತ್ತಿದ್ದವು. ಅವರು ಇಲ್ಲವೆನ್ನುತ್ತಿರಲಿಲ್ಲ. ಬರೆದು ಬರೆದು, ಕೊನೆಗೆ ಜಗತ್ತಿನ ಅತಿ ದೊಡ್ಡ ವಿಜ್ಞಾನಿಯ ಸಹಿ ಕೂಡ ಮಾಮೂಲಾಗಿಬಿಟ್ಟಿತು. ಪೋಲೆಂಡಿನ ಲಿಯೊಪೋಲ್ಡ್ ಇನ್‌ಫೆಲ್ಡ್ ಅವರ ಜೊತೆಯಲ್ಲೇ ಸಂಶೋಧನೆ ಮಾಡುತ್ತಿದ್ದವರು. ಇನ್‌ಫೆಲ್ಡ್‌ರಿಗೆ ಇನ್ನೊಂದು ವರ್ಷ ಸಣ್ಣದೊಂದು ಸಹಾಯಧನ ಕೊಡಿ ಎಂದು ಐನ್‌ಸ್ಟೈನ್ ಸ್ವತಃ ಕೇಳಿಕೊಂಡರೂ ಅವರದೇ ಸಂಸ್ಥೆ ಒಪ್ಪಲಿಲ್ಲ. ಆಗ ಇನ್‌ಫೆಲ್ಡ್ ಬೇರೊಂದು ಉಪಾಯ ಸೂಚಿಸಿದರು: ಇಬ್ಬರೂ ಸೇರಿ ಜನಸಾಮಾನ್ಯರಿಗಾಗಿ ಭೌತವಿಜ್ಞಾನದ ಪುಸ್ತಕ ಬರೆಯುವುದು. 1938ರಲ್ಲಿ ಬಂದ ಆ ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಶಿಫಾರಸು ಮಾಡದ ಕೆಲಸವನ್ನು ಮುಖಪುಟದ ಮೇಲಿನ ಹೆಸರು ಮಾಡಿತು.

ಯುದ್ಧದ ನಂತರ 1952ರ ಕಾಯಿದೆ ಪ್ರತಿ ದೇಶದ ಕೋಟಾದಲ್ಲಿ ಅರ್ಧವನ್ನು ಉನ್ನತ ವಿದ್ಯೆ, ತಾಂತ್ರಿಕ ಪರಿಣತಿ ಇರುವವರಿಗೆ ಮೀಸಲಿಟ್ಟಿತು. ಆದರೆ ಅಮೆರಿಕದಲ್ಲಿ ಯಾರಾದರೂ ‘ಈತ ನಮಗೆ ಬೇಕು’ ಎಂದು ಅರ್ಜಿ ಹಾಕಬೇಕಿತ್ತು. ಅರ್ಜಿದಾರ ತಾನೇ ಹೋಗಿ ನಿಲ್ಲುವಂತಾದದ್ದು 1965ರಲ್ಲಿ. ಆ ವರ್ಷದ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ಕಾಯಿದೆಗೆ ಸಹಿ ಹಾಕಿದರು. ದೇಶವಾರು ಕೋಟಾ ಹೋಯಿತು. ಅದರ ಬದಲು ಆದ್ಯತೆಯ ದರ್ಜೆಗಳು ಬಂದವು. ಅವುಗಳಲ್ಲಿ ಮೂರನೆಯದು ವೃತ್ತಿಪರರಿಗೆ ಮತ್ತು ವಿಜ್ಞಾನ, ಕಲೆಗಳಲ್ಲಿ ವಿಶೇಷ ಸಾಮರ್ಥ್ಯ ಉಳ್ಳವರಿಗೆ. ಏಷ್ಯಾ, ಯೂರೋಪು ಸೇರಿದ ಪೂರ್ವಗೋಳಾರ್ಧದ 1,70,000 ವೀಸಾಗಳಲ್ಲಿ ಶೇ 10ರಷ್ಟು ಇವರ ಪಾಲು. ಕಾರ್ಮಿಕ ಇಲಾಖೆಯ ಒಪ್ಪಿಗೆ ಬೇಕಿತ್ತಾದರೂ ಅರ್ಜಿಯನ್ನು ಉದ್ಯೋಗದಾತನೇ ಹಾಕಬೇಕೆಂಬ ಕಟ್ಟು ಇರಲಿಲ್ಲ. ಭಾರತದ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋದದ್ದು ಈ ಬಾಗಿಲಿನಿಂದ. ಅಮೆರಿಕದ ಕನ್ನಡಿಗರ ಮೊದಲ ದೊಡ್ಡ ತಲೆಮಾರು ಕೂಡ ಇದೇ ಅವಧಿಯದು.

ಲೆನನ್‌ಗಾಗಿ ಬರೆದವರು

ಮೂರನೇ ಆದ್ಯತೆಯ ಅರ್ಜಿಗಳಲ್ಲಿ ಅತ್ಯಂತ ಹೆಸರಾದದ್ದು ಡಾಕ್ಟರರದೂ ಅಲ್ಲ, ಎಂಜಿನಿಯರದೂ ಅಲ್ಲ. ಅದು ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಅವರದು.

ಲೆನನ್ ಮತ್ತು ಪತ್ನಿ ಯೊಕೊ ಓನೊ 1971ರಲ್ಲಿ ನ್ಯೂಯಾರ್ಕಿಗೆ ಬಂದರು. ಓನೊ ಅವರ ಎರಡನೇ ಮದುವೆಯ ಮಗಳನ್ನು ಹುಡುಕಿ ಪಡೆಯುವುದು ಉದ್ದೇಶವಾಗಿತ್ತು. ಲೆನನ್ ವಿಯಟ್ನಾಂ ಯುದ್ಧದ ವಿರುದ್ಧ ಹಾಡುತ್ತಿದ್ದರು, ಮಾತನಾಡುತ್ತಿದ್ದರು. 1972ರ ಚುನಾವಣೆ ಎದುರಿಗಿತ್ತು. ಲೆನನ್‌ರನ್ನು ದೇಶದಿಂದ ಕಳಿಸಿದರೆ ಒಳ್ಳೆಯದೆಂಬ ಸಲಹೆಯಿದ್ದ ಟಿಪ್ಪಣಿಯೊಂದನ್ನು ಸೆನೆಟರ್ ಸ್ಟ್ರಾಮ್ ಥರ್ಮಂಡ್ ಆ ಫೆಬ್ರುವರಿಯಲ್ಲಿ ಅಟಾರ್ನಿ ಜನರಲ್ ಜಾನ್ ಮಿಚೆಲ್‌ಗೆ ಕಳಿಸಿದರು. 1968ರಲ್ಲಿ ಲಂಡನ್ನಿನಲ್ಲಿ ಗಾಂಜಾ ಪ್ರಕರಣದಲ್ಲಿ ಲೆನನ್‌ಗೆ ದಂಡವಾಗಿತ್ತು. ನೆಪಕ್ಕೆ ಅಷ್ಟು ಸಾಕಾಯಿತು.

ಅವರ ವಕೀಲ ಲಿಯಾನ್ ವೈಲ್ಡ್ಸ್ ವಲಸೆ ಕಾನೂನಿನ ಪರಿಣತ. ಆದರೆ ಪ್ರಕರಣ ಕೈಗೆ ಬರುವ ತನಕ ಲೆನನ್ ಯಾರೆಂದೇ ತಮಗೆ ಗೊತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಬಹುಶಃ ಅದೇ ಒಳ್ಳೆಯದಾಯಿತು. ಜಗತ್ತಿಗೆಲ್ಲ ಗೊತ್ತಿರುವ ಹೆಸರಾದರೂ ಕಡತದಲ್ಲಿ ಸಾಕ್ಷ್ಯ ಬೇಕು ಎಂದು ಅವರಿಗೆ ತಿಳಿದಿತ್ತು. ದಂಪತಿಗಳಿಬ್ಬರೂ ಶ್ರೇಷ್ಠ ಕಲಾವಿದರೆಂದು ಮೂರನೇ ಆದ್ಯತೆಯಲ್ಲಿ ಅರ್ಜಿ ಹಾಕಿದರು. ಬೆಂಬಲದ ಪತ್ರಗಳು ಬರತೊಡಗಿದವು. ಟೆಲಿವಿಷನ್ ನಿರೂಪಕ ಡಿಕ್ ಕ್ಯಾವೆಟ್, ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೈನ್, ಗಾಯಕಿ ಜೋನ್ ಬಾಯೆಜ್, ಕಾದಂಬರಿಕಾರರಾದ ಜಾನ್ ಅಪ್ಡೈಕ್ ಮತ್ತು ಜೋಸೆಫ್ ಹೆಲರ್ ಎಲ್ಲರೂ ಅವರ ಪರ ನಿಂತರು. ಬಾಬ್ ಡೈಲನ್ ಕೈಬರಹದಲ್ಲೇ ಒಂದು ಪತ್ರ ಬರೆದರು. ಈ ಇಬ್ಬರೂ ದೇಶದ ಕಲೆಗೆ ಚೈತನ್ಯ ತಂದವರು, ದೇಶದಲ್ಲಿ ಜಾಗವೇನೂ ಕಡಿಮೆಯಿಲ್ಲ, ಇರಲು ಬಿಡಿ ಎಂಬುದು ಅದರ ಸಾರ. ನ್ಯೂಯಾರ್ಕಿನ ಮೇಯರ್ ಜಾನ್ ಲಿಂಡ್ಸೆ ಕೂಡ ಬೆಂಬಲಿಸಿದರು.

ವಲಸೆ ಇಲಾಖೆ ಅರ್ಜಿಯನ್ನು ಕೈಗೆತ್ತಿಕೊಳ್ಳದೆ ಕುಳಿತಾಗ ವೈಲ್ಡ್ಸ್ ಫೆಡರಲ್ ನ್ಯಾಯಾಲಯಕ್ಕೆ ಹೋದರು. 1972ರ ಮೇ ತಿಂಗಳಲ್ಲಿ ಇಲಾಖೆ ಮಣಿದು ಇಬ್ಬರನ್ನೂ ಶ್ರೇಷ್ಠ ಕಲಾವಿದರೆಂದು ಒಪ್ಪಿತು. ಇಷ್ಟಾದರೂ ಕಥೆ ಮುಗಿಯಲಿಲ್ಲ. 1973ರಲ್ಲಿ ಓನೊಗೆ ಶಾಶ್ವತ ನಿವಾಸ ಸಿಕ್ಕಿತು. ಲೆನನ್ 60 ದಿನಗಳಲ್ಲಿ ದೇಶ ಬಿಡಬೇಕೆಂದು ಆದೇಶವಾಯಿತು. ಹೆಂಡತಿ ಒಳಗೆ, ಗಂಡ ಹೊರಗೆ! 1975ರ ಅಕ್ಟೋಬರ್ 7ರಂದು ಮೇಲ್ಮನವಿ ನ್ಯಾಯಾಲಯ ಲೆನನ್ ಪರ ತೀರ್ಪು ಕೊಟ್ಟಿತು. ಅದಕ್ಕೆ ಕಾರಣ ಡೈಲನ್ ಪತ್ರವಲ್ಲ. ಮಾದಕವಸ್ತು ತನ್ನ ಬಳಿ ಇರುವುದು ಆರೋಪಿಗೆ ತಿಳಿದಿತ್ತೆಂದು ಸಾಬೀತುಪಡಿಸುವ ಅಗತ್ಯವೇ ಆಗಿನ ಬ್ರಿಟಿಷ್ ಕಾನೂನಿನಲ್ಲಿ ಇರಲಿಲ್ಲ. ಅಂಥ ಕಾನೂನಿನಡಿ ಆದ ಶಿಕ್ಷೆಯನ್ನು ಗಡೀಪಾರಿಗೆ ಆಧಾರ ಮಾಡುವಂತಿಲ್ಲ ಎಂಬ ಶುದ್ಧ ಕಾನೂನಿನ ಅಂಶ. 1976ರ ಜುಲೈ 27ರಂದು ಲೆನನ್ ಕೈಗೆ ಗ್ರೀನ್ ಕಾರ್ಡ್ ಬಂತು. ಪತ್ರಗಳು ಅರ್ಹತೆಯನ್ನು ಮಾತ್ರ ತೋರಿಸಿದ್ದವು. ಇಂದಿಗೂ ಅವುಗಳ ವ್ಯಾಪ್ತಿ ಅಷ್ಟೇ.

ಕಾಕತಾಳೀಯವೋ ಏನೋ, ಲೆನನ್ ಗೆದ್ದ ವರ್ಷವೇ ಬಾಗಿಲು ಮತ್ತೆ ಮುಚ್ಚಿತು. ಉದ್ಯೋಗದಾತ ಬಯಸಿದರೆ ಮಾತ್ರ ಮೂರನೇ ಆದ್ಯತೆ ಎಂದು 1976ರ ಅಕ್ಟೋಬರಿನ ತಿದ್ದುಪಡಿ ಹೇಳಿತು. ಅದೇ ತಿಂಗಳು ಬಂದ ಮತ್ತೊಂದು ಕಾಯಿದೆ ವಿದೇಶಿ ವೈದ್ಯರ ಪ್ರವೇಶವನ್ನೂ ಬಿಗಿಗೊಳಿಸಿತು.

ಹತ್ತರಲ್ಲಿ ಮೂರು

ಬಾಗಿಲು ಮರಳಿ ತೆರೆದದ್ದು ಹದಿನಾಲ್ಕು ವರ್ಷಗಳ ನಂತರ. 1990ರ ನವೆಂಬರ್ 29ರಂದು ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಸಹಿ ಹಾಕಿದ ಕಾಯಿದೆ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ 54,000ದಿಂದ 1,40,000ಕ್ಕೆ ಏರಿಸಿತು. ಎಚ್-1ಬಿ ವೀಸಾ ಹುಟ್ಟಿದ್ದೂ ಇದೇ ಕಾಯಿದೆಯಲ್ಲಿ. ಆರಂಭದಲ್ಲಿ ಹೇಳಿದ ಎರಡು ದಾರಿಗಳು ಇದರವೇ. ಎರಡಕ್ಕೂ ಐ-140 ಎಂಬ ನಮೂನೆ. ಅದರಲ್ಲಿ ಅರ್ಜಿದಾರನ ಹೆಸರು, ಯಾರಿಗಾಗಿ ಅರ್ಜಿಯೋ ಅವರ ಹೆಸರು ಎಂದು ಎರಡು ಜಾಗಗಳಿವೆ. ಎರಡರಲ್ಲೂ ಒಂದೇ ಹೆಸರು ತುಂಬಬಹುದು.

ಅಸಾಧಾರಣ ಸಾಮರ್ಥ್ಯಕ್ಕೆ ನಿಯಮಗಳು ಹತ್ತು ಮಾನದಂಡಗಳನ್ನು ಪಟ್ಟಿ ಮಾಡುತ್ತವೆ. ದೊಡ್ಡದೊಂದು ಅಂತರರಾಷ್ಟ್ರೀಯ ಪ್ರಶಸ್ತಿ ಇಲ್ಲದವರು ಈ ಹತ್ತರಲ್ಲಿ ಮೂರನ್ನಾದರೂ ತೋರಿಸಬೇಕು. ಬಹುಮಾನ, ಆಯ್ದ ಸಂಘಗಳ ಸದಸ್ಯತ್ವ, ಬೇರೆಯವರ ಕೆಲಸದ ಮೌಲ್ಯಮಾಪನ, ಪ್ರಬಂಧಗಳು, ಹೆಚ್ಚಿನ ಸಂಬಳ ಇತ್ಯಾದಿ. ಗಮನಿಸಬೇಕಾದ ಅಂಶವೆಂದರೆ ಆ ಹತ್ತರಲ್ಲಿ ಶಿಫಾರಸು ಪತ್ರ ಇಲ್ಲವೇ ಇಲ್ಲ. ಆದರೆ ‘ತನ್ನ ಕ್ಷೇತ್ರಕ್ಕೆ ಮಹತ್ವದ ಸ್ವಂತ ಕೊಡುಗೆ’ ಎಂಬ ಮಾನದಂಡ ಇದೆ. ಸಮೀಕರಣಗಳಿಂದ ತುಂಬಿದ ಪ್ರಬಂಧ ಓದಿ ಅದರ ಮಹತ್ವ ಅಳೆಯಲು ವಲಸೆ ಅಧಿಕಾರಿಗೆ ಸಾಧ್ಯವೇ? ಬಲ್ಲವರು ಯಾರಾದರೂ ವಿವರಿಸಿ ಹೇಳಬೇಕು. ಪತ್ರ ಒಳಗೆ ಬರುವುದು ಇಲ್ಲಿ. ಅಂಥ ತಜ್ಞರ ಮಾತು ಸಲಹೆಯೇ ಹೊರತು ಇಲಾಖೆಯನ್ನು ಕಟ್ಟಿಹಾಕುವಂಥದಲ್ಲ ಎಂದು 1988ರಷ್ಟು ಹಿಂದೆಯೇ ಬೇರೊಂದು ಪ್ರಕರಣದಲ್ಲಿ ತೀರ್ಮಾನವಾಗಿತ್ತು.

ಪತ್ರದ ಸಹಿ ದೊಡ್ಡದಾದರೆ ಸಾಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಜಾರಿಯನ್ ಪ್ರಕರಣದಲ್ಲಿ. ಅರ್ಜಿದಾರರು ಆರ್ಮೇನಿಯಾ ಮೂಲದ ಸೈದ್ಧಾಂತಿಕ ಭೌತವಿಜ್ಞಾನಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಗುರುತ್ವಾಕರ್ಷಣೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಅವರ ಪರ ಪತ್ರ ಬರೆದವರಲ್ಲಿ ಕ್ಯಾಲ್‌ಟೆಕ್‌ನ ಕಿಪ್ ಥಾರ್ನ್ ಕೂಡ ಇದ್ದರು. ಗುರುತ್ವ ತರಂಗಗಳ ಪತ್ತೆಗಾಗಿ 2017ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಅದೇ ಥಾರ್ನ್. ಅರ್ಜಿದಾರರು ಎತ್ತಿಕೊಂಡ ವಿಷಯಗಳು ಮುಖ್ಯವಾದವು, ಅವುಗಳನ್ನು ಸಮರ್ಥವಾಗಿ ನಿರ್ವಹಿಸಿದ್ದಾರೆ ಎಂಬರ್ಥದಲ್ಲಿ ಅವರು ಬರೆದಿದ್ದರು. ನಮ್ಮ ಕಿವಿಗೆ ಇದು ದೊಡ್ಡ ಮೆಚ್ಚುಗೆಯೇ.

ಒಂಬತ್ತನೇ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಇಷ್ಟು ಸಾಲಲಿಲ್ಲ. ಕೊಡುಗೆ ಏನು, ಅದರಿಂದ ಕ್ಷೇತ್ರದಲ್ಲಿ ಏನು ಬದಲಾಯಿತು ಎಂದು ನಿರ್ದಿಷ್ಟವಾಗಿ ಹೇಳದ, ಕೇಳಿ ಬರೆಸಿಕೊಂಡ, ಸ್ಥಳೀಯ ಸಹೋದ್ಯೋಗಿಗಳ ಪತ್ರಗಳು ಸಾಕ್ಷ್ಯವಾಗಲಾರವು ಎಂದು 2009ರ ತೀರ್ಪು ಹೇಳಿತು. 2010ರ ಮಾರ್ಚ್ 4ರ ಪರಿಷ್ಕೃತ ತೀರ್ಪಿನಲ್ಲಿ ನ್ಯಾಯಾಲಯ ವಲಸೆ ಇಲಾಖೆಗೂ ಚಾಟಿ ಬೀಸಿತು: ನಿಯಮದಲ್ಲಿ ಇಲ್ಲದ ಷರತ್ತುಗಳನ್ನು ತಾನೇ ಸೇರಿಸಿಕೊಳ್ಳುವಂತಿಲ್ಲ, ಮೊದಲು ಮಾನದಂಡಗಳನ್ನು ಎಣಿಸಬೇಕು, ಆಮೇಲೆ ಒಟ್ಟಾರೆ ತೂಗಬೇಕು. ಹಾಗೆ ಎಣಿಸಿದಾಗ ಅರ್ಜಿದಾರರಿಗೆ ಎರಡು ದಕ್ಕಿದವು. ಬೇಕಾದದ್ದು ಮೂರು. ಅರ್ಜಿ ಬಿದ್ದುಹೋಯಿತು. ಎರಡು ಹಂತದ ಆ ಪರೀಕ್ಷೆ ಮುಂದೆ ಇಲಾಖೆಯ ಕ್ರಮವೇ ಆಯಿತು.

ರಾಷ್ಟ್ರೀಯ ಹಿತದ ದಾರಿಯಲ್ಲೂ ಹೀಗೆಯೇ. 1998ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಿಗೆ ಇಲಾಖೆ ತನ್ನ ಸೇತುವೆ ಎಂಜಿನಿಯರೊಬ್ಬರಿಗಾಗಿ ಈ ವಿನಾಯಿತಿ ಕೇಳಿತು. ಸೇತುವೆಗಳು ಮುಖ್ಯ, ಅವು ಇಡೀ ದೇಶದ ಸಂಚಾರಕ್ಕೆ ಸೇರಿದವು ಎಂಬುದನ್ನು ವಲಸೆ ಇಲಾಖೆ ಒಪ್ಪಿತು. ಆದರೆ ಒಳ್ಳೆಯ ಎಂಜಿನಿಯರ್ ಬೇಕಾದರೆ ಎಲ್ಲರಂತೆ ಕಾರ್ಮಿಕ ಇಲಾಖೆಯ ಮೂಲಕ ಬನ್ನಿ ಎಂದು ಕಳಿಸಿತು. ಹದಿನೆಂಟು ವರ್ಷ ಇದೇ ಅಳತೆಗೋಲಾಗಿತ್ತು. 2016ರ ಡಿಸೆಂಬರ್ 27ರಂದು, ಶಬ್ದದ ಐದು ಪಟ್ಟಿಗೂ ಮೀರಿದ ವೇಗದ ಎಂಜಿನ್‌ಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಯೊಬ್ಬರ ಮೇಲ್ಮನವಿಯಲ್ಲಿ ಅಳತೆ ಬದಲಾಯಿತು. ಕೆಲಸಕ್ಕೆ ರಾಷ್ಟ್ರೀಯ ಮಹತ್ವ ಇದೆಯೇ, ಅದನ್ನು ಮುಂದುವರಿಸಲು ಈ ವ್ಯಕ್ತಿ ಶಕ್ತನೇ, ವಿನಾಯಿತಿ ಕೊಟ್ಟರೆ ದೇಶಕ್ಕೆ ಒಟ್ಟಿನಲ್ಲಿ ಲಾಭವೇ ಎಂಬುವು ಈಗಿನ ಪ್ರಶ್ನೆಗಳು. ವಿಶ್ವವಿದ್ಯಾಲಯ, ಸರ್ಕಾರ ಮತ್ತು ಕೈಗಾರಿಕೆಗಳ ಹಿರಿಯರು ಬರೆದ ವಿವರವಾದ ಪತ್ರಗಳು ಈ ಪ್ರಕರಣದಲ್ಲಿ ಕೆಲಸಕ್ಕೆ ಬಂದವು. ಸ್ವಾರಸ್ಯವೆಂದರೆ ಆ ವಿಜ್ಞಾನಿ ತಮ್ಮ ಅಧ್ಯಾಪನವನ್ನೂ ರಾಷ್ಟ್ರೀಯ ಹಿತವೆಂದು ಮುಂದಿಟ್ಟಿದ್ದರು. ತರಗತಿಯಾಚೆಗೆ ಅದರ ಪ್ರಭಾವ ಏನೆಂಬುದಕ್ಕೆ ಸಾಕ್ಷ್ಯವಿಲ್ಲವೆಂದು ಆ ಭಾಗ ಮಾನ್ಯವಾಗಲಿಲ್ಲ.

ಬರೆಯುವವರು ಯಾರು?

ಇಷ್ಟೆಲ್ಲ ವಿವರ ತುಂಬಿದ ಪತ್ರವನ್ನು ನಿಜವಾಗಿ ಬರೆಯುವವರು ಯಾರು ಎಂಬುದು ಮುಜುಗರದ ಪ್ರಶ್ನೆ. ಕೆಲಸದ ಬಿಡುವಿಲ್ಲದ ಪ್ರಾಧ್ಯಾಪಕರು ‘ಕರಡು ಕಳಿಸಿ, ನೋಡಿ ಸಹಿ ಹಾಕುತ್ತೇನೆ’ ಎನ್ನುವುದು ಮಾಮೂಲು. ಕರಡನ್ನು ಅರ್ಜಿದಾರ ಅಥವಾ ಅವರ ವಕೀಲರು ಸಿದ್ಧಪಡಿಸುತ್ತಾರೆ. ಸಹಿ ಹಾಕುವವರು ಓದಿ, ತಿದ್ದಿ, ಒಪ್ಪಿದರೆ ಅದರಲ್ಲಿ ಅಕ್ರಮವೇನೂ ಇಲ್ಲ. ಆದರೆ ತನ್ನನ್ನು ತಾನೇ ಬೇರೆಯವರ ಬಾಯಿಂದ, ಐದು ಬೇರೆ ಬೇರೆ ಶೈಲಿಗಳಲ್ಲಿ ಹೊಗಳಿಕೊಳ್ಳುವುದು ಎಂಥ ಕೆಲಸ! ಆತ್ಮಪ್ರಶಂಸೆ ಸಲ್ಲದೆಂದು ಕೇಳಿ ಬೆಳೆದವರಿಗಂತೂ ಇದು ಕಬ್ಬಿಣದ ಕಡಲೆ. ಸಂಕೋಚದಿಂದ ಬರೆದರೆ ಪತ್ರ ಸಪ್ಪೆ; ಸಂಕೋಚ ಬಿಟ್ಟರೆ ಎಲ್ಲ ಪತ್ರಗಳಲ್ಲೂ ಒಂದೇ ವಿಶೇಷಣಗಳು. ಬೇರೆ ಬೇರೆ ಸಹಿಗಳ ಕೆಳಗೆ ಒಂದೇ ವಾಕ್ಯ ಕಂಡರೆ ಅಧಿಕಾರಿಗಳು ಅದನ್ನು ಗುರುತು ಹಾಕಿಕೊಂಡು ಪತ್ರಗಳ ತೂಕ ಇಳಿಸಿರುವುದು ಮೇಲ್ಮನವಿಯ ಆದೇಶಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಇದರಿಂದಲೇ ‘ಸ್ವತಂತ್ರ’ ಪತ್ರದ ಬೆಲೆ ಹೆಚ್ಚಿತು. ಜೊತೆಗೆ ಕೆಲಸ ಮಾಡಿದವರಿಗೆ ವಿವರ ಗೊತ್ತು, ಆದರೆ ಅವರು ಹತ್ತಿರದವರು. ಪ್ರಬಂಧ ಓದಿ ಬಳಸಿಕೊಂಡ ದೂರದ ಊರಿನ ವಿಜ್ಞಾನಿಗೆ ಅರ್ಜಿದಾರನ ಹಂಗಿಲ್ಲ. ‘ಈತನನ್ನು ನಾನು ಎಂದೂ ನೋಡಿಲ್ಲ, ಈತ ಕಂಡುಕೊಂಡ ವಿಧಾನವನ್ನು ನಮ್ಮ ಪ್ರಯೋಗಾಲಯದಲ್ಲಿ ಬಳಸುತ್ತಿದ್ದೇವೆ’ ಎಂಬಂಥ ಮಾತು ಹತ್ತು ವಿಶೇಷಣಗಳಿಗೆ ಸಮ. ಇಂಥವರ ಹೆಸರು ಹುಡುಕುವುದು ತನ್ನ ಪ್ರಬಂಧವನ್ನು ಉಲ್ಲೇಖಿಸಿದವರ ಪಟ್ಟಿಯಿಂದ. ಗುರುತಿಲ್ಲದವರಿಗೆ ಇ-ಮೇಲ್ ಬರೆದು, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು. ಅನೇಕರು ಉತ್ತರಿಸುವುದಿಲ್ಲ. ಉತ್ತರಿಸುವವರಿಗೆ ಇದರಿಂದ ಏನೂ ಸಿಗುವುದಿಲ್ಲ, ಆದರೂ ಬರೆಯುವವರಿದ್ದಾರೆ. ಗ್ರೀಕ್ ಪ್ರಾಧ್ಯಾಪಕ ರೈಟ್ ಅವರ ಸಂತತಿ ಇನ್ನೂ ಇದೆ ಎನ್ನಬೇಕು.

ಎಲ್ಲ ವೃತ್ತಿಗಳಿಗೂ ಈ ಅಳತೆ ಹೊಂದುವುದಿಲ್ಲ ಎಂಬುದೂ ನಿಜ. ಸಂಶೋಧಕನ ಕೆಲಸ ಅಚ್ಚಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಂಪನಿಯೊಳಗೆ ಸಾಫ್ಟ್‌ವೇರ್ ಬರೆಯುವವನ ಕೆಲಸ ವ್ಯಾಪಾರದ ಗುಟ್ಟು. ಹೊರಗಿನವರು ಅದನ್ನು ನೋಡಿರುವುದೇ ಇಲ್ಲ, ಇನ್ನು ಪತ್ರ ಬರೆಯುವುದೆಲ್ಲಿ? ಬೆಂಗಳೂರಿನಿಂದ ಹೋದ ಬಹುಪಾಲು ಎಂಜಿನಿಯರುಗಳು ಈ ಎರಡನೇ ಗುಂಪಿನವರು. ವೈದ್ಯರಿಗೆ ಮಾತ್ರ 1999ರಲ್ಲಿ ಬೇರೆ ಏರ್ಪಾಡಾಯಿತು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಐದು ವರ್ಷ ಕೆಲಸ ಮಾಡಲೊಪ್ಪಿದರೆ, ಇದು ಸಾರ್ವಜನಿಕ ಹಿತಕ್ಕೆ ಬೇಕಾದದ್ದೆಂದು ಆರೋಗ್ಯ ಇಲಾಖೆ ಕೊಡುವ ಪತ್ರ ನಡೆಯುತ್ತದೆ. ಅಲ್ಲಿ ಹೊಗಳಿಕೆಯ ಗೋಜಿಲ್ಲ.

ಪತ್ರಗಳು ಚೆನ್ನಾಗಿದ್ದು ಅರ್ಜಿ ಒಪ್ಪಿಗೆಯಾಯಿತು ಎನ್ನಿ. ಕೈಗೆ ಗ್ರೀನ್ ಕಾರ್ಡ್ ಬಂದಂತಲ್ಲ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ವೀಸಾಗಳಲ್ಲಿ ಶೇ 7ಕ್ಕಿಂತ ಹೆಚ್ಚು ಸಿಗಬಾರದೆಂಬ 1990ರ ಮಿತಿ ಹಾಗೆಯೇ ಇದೆ. ರಾಷ್ಟ್ರೀಯ ಹಿತದ ಅರ್ಜಿಗಳು ಬರುವ ಎರಡನೇ ವರ್ಗದಲ್ಲಿ ಭಾರತೀಯರ ಸಾಲು ಹತ್ತು ವರ್ಷಗಳನ್ನು ಮೀರಿದೆ. ದೇಶಕ್ಕೆ ತುರ್ತಾಗಿ ಬೇಕಾದವರೆಂದು ಇಲಾಖೆಯೇ ಒಪ್ಪಿದವರೂ ಅದೇ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಈ ನಡುವೆ ಮಗುವಿಗೆ 21 ತುಂಬಿದರೆ, ಕಾಯಿದೆ ಕೊಡುವ ಕೆಲವು ತಿಂಗಳ ರಿಯಾಯಿತಿ ಕಳೆದ ಮೇಲೆ, ತಂದೆ ತಾಯಿಯ ಅರ್ಜಿಯಿಂದ ಅದರ ಹೆಸರು ಬಿಟ್ಟುಹೋಗುತ್ತದೆ. ಅಂಥ ಮಕ್ಕಳು ವಿದ್ಯಾರ್ಥಿ ವೀಸಾಕ್ಕೆ ಪ್ರತ್ಯೇಕ ಅರ್ಜಿ ಹಾಕಿಕೊಳ್ಳಬೇಕು.